ಬೆಳಕಿನ ಮೇಲೆ ಹಾಡು ಕಳಿಸುವುದು ಹೇಗೆ: ಎಲ್‌ಇಡಿ, ಸೋಲಾರ್ ಪ್ಯಾನೆಲ್ ಮತ್ತು ಸ್ಪೀಕರ್ ಜೋಡಿಸುವ ಪ್ರಯೋಗ

ಶಕ್ತಿಯ ರೂಪಾಂತರ ಎಂಬ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಬಾಣದ ಗುರುತುಗಳ ಮೂಲಕ ಓದಿದ್ದೇವೆ. ಬಲ್ಬು ವಿದ್ಯುತ್ತನ್ನು ಬೆಳಕಾಗಿಸುತ್ತದೆ, ಸೋಲಾರ್ ಪ್ಯಾನೆಲ್ ಬೆಳಕನ್ನು ವಿದ್ಯುತ್ತಾಗಿಸುತ್ತದೆ, ಸ್ಪೀಕರ್ ವಿದ್ಯುತ್ತನ್ನು ಶಬ್ದವಾಗಿಸುತ್ತದೆ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಆ ಮೂರೂ ಬಾಣಗಳನ್ನು ಒಂದೇ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮೊಬೈಲಿನ ಹಾಡು ಎಲ್‌ಇಡಿಯ ಬೆಳಕಾಗಿ ಹೊರಟು, ತಂತಿಯ ನೆರವಿಲ್ಲದೆ ಕೋಣೆಯನ್ನು ದಾಟಿ, ಪ್ಯಾನೆಲಿನಲ್ಲಿ ಮತ್ತೆ ವಿದ್ಯುತ್ತಾಗಿ ಸ್ಪೀಕರಿನಿಂದ ಹೊರಬರುವುದನ್ನು ಒಮ್ಮೆ ಕೇಳಿದವರಿಗೆ ಆ ಪಾಠ ಬೇರೆಯಾಗಿಯೇ ಅರ್ಥವಾಗುತ್ತದೆ. ಶಕ್ತಿ ಪ್ರತಿ ಹಂತದಲ್ಲೂ ರೂಪ ಬದಲಿಸುತ್ತದೆ, ಪ್ರತಿ ಹಂತದಲ್ಲೂ ಅದರ ದೊಡ್ಡ ಪಾಲು ಬಿಸಿಯಾಗಿ ಕಳೆದುಹೋಗುತ್ತದೆ. ಆದರೂ ಹಾಡಿನ ಏರಿಳಿತ ಮಾತ್ರ ಕೊನೆಯವರೆಗೂ ಉಳಿದು ಬರುತ್ತದೆ. ಈ ಪ್ರಯೋಗದಲ್ಲಿ ಗಮನಿಸಬೇಕಾದದ್ದು ಮುಖ್ಯವಾಗಿ ಆ ಏರಿಳಿತವನ್ನೇ.

ಇದು ಹೊಸ ವಿಚಾರವೇನಲ್ಲ. ಸೆಲೆನಿಯಂ ಎಂಬ ಧಾತುವಿನ ಮೇಲೆ ಬೆಳಕು ಬಿದ್ದರೆ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಎಂಜಿನಿಯರ್ ವಿಲೋಬಿ ಸ್ಮಿತ್ 1873ರಲ್ಲಿ ಪ್ರಕಟಿಸಿದ್ದರು. ಅದನ್ನೇ ಬಳಸಿಕೊಂಡು ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ 1880ರಲ್ಲಿ ವಾಷಿಂಗ್ಟನ್ ನಗರದಲ್ಲಿ ಫೋಟೋಫೋನ್ ಎಂಬ ಸಾಧನವನ್ನು ರೂಪಿಸಿದರು. ತೆಳುವಾದ ಕನ್ನಡಿಯೊಂದರ ಹಿಂಬದಿಗೆ ಮಾತನಾಡಿದರೆ ಕನ್ನಡಿ ನಡುಗಿ, ಅದರಿಂದ ಪ್ರತಿಫಲಿಸಿದ ಬಿಸಿಲಿನ ಕಿರಣ ಹರಡುತ್ತ ಕೂಡುತ್ತ ಸಾಗುತ್ತಿತ್ತು. ದೂರದಲ್ಲಿದ್ದ ಸೆಲೆನಿಯಂ ಕೋಶ ಆ ಬದಲಾವಣೆಯನ್ನು ವಿದ್ಯುತ್ತಿಗೆ ದಾಟಿಸಿ ಟೆಲಿಫೋನಿನ ಕಿವಿಗೆ ಮುಟ್ಟಿಸುತ್ತಿತ್ತು. ಆ ವರ್ಷದ ಜೂನ್ ತಿಂಗಳಿನಲ್ಲಿ ಟೇಂಟರ್ ಶಾಲೆಯೊಂದರ ಮಾಳಿಗೆಯಿಂದ ಸುಮಾರು 213 ಮೀಟರ್ ದೂರದ ಪ್ರಯೋಗಾಲಯದಲ್ಲಿದ್ದ ಬೆಲ್ಲರೊಡನೆ ಬಿಸಿಲಿನ ಮೂಲಕ ಮಾತನಾಡಿ, ಕೇಳಿಸಿದ್ದರೆ ಕಿಟಕಿಗೆ ಬಂದು ಟೋಪಿ ಬೀಸಿ ಎಂದು ಕೇಳಿಕೊಂಡರು. ಸೆಲೆನಿಯಂ ಈಗ ನಮಗೆ ಬೇಕಿಲ್ಲ, ಏಕೆಂದರೆ ಅಂಗೈಯಗಲದ ಸಿಲಿಕಾನ್ ಪ್ಯಾನೆಲ್ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸಿಗುತ್ತದೆ, ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಒಮ್ಮೆ ಹೋಗಿಬಂದರೆ ಕೆಳಗೆ ಹೇಳುವ ಸಾಮಾನೆಲ್ಲ ಒಂದೇ ಚೀಲದಲ್ಲಿ ಬರುತ್ತದೆ.

ಮೊದಲು ಕೇಳುವ ಭಾಗ

ಹೆಚ್ಚಿನವರು ಕಳಿಸುವ ಭಾಗದಿಂದ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ಅದು ತಪ್ಪು ಕ್ರಮ. ಎರಡೂ ಭಾಗಗಳು ಹೊಸದಾಗಿದ್ದು ಸದ್ದು ಬಾರದೆ ಹೋದರೆ, ದೋಷ ಯಾವ ಕಡೆಯದು ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಕೇಳುವ ಭಾಗವನ್ನು ಮೊದಲು ಕಟ್ಟಿದರೆ ಮನೆಯಲ್ಲಿರುವ ದೀಪಗಳಿಂದಲೇ ಅದನ್ನು ಪರೀಕ್ಷಿಸಬಹುದು.

ಇದಕ್ಕೆ 2 ವೋಲ್ಟಿನಿಂದ 6 ವೋಲ್ಟಿನವರೆಗಿನ ಒಂದು ಸಣ್ಣ ಸೋಲಾರ್ ಪ್ಯಾನೆಲ್, 1 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್, 3.5 ಮಿ.ಮೀ. ಪ್ಲಗ್ ಇರುವ ಒಂದು ಆಡಿಯೋ ಕೇಬಲ್ ಮತ್ತು ಆಕ್ಸ್ ಸಾಕೆಟ್ (ಹೊರಗಿನಿಂದ ಆಡಿಯೋ ಕೇಬಲ್ ಚುಚ್ಚುವ ತೂತು) ಇರುವ ಯಾವುದಾದರೂ ಆಂಪ್ಲಿಫೈಯರ್ ಸ್ಪೀಕರ್ ಸಾಕು. ರೆಸಿಸ್ಟರನ್ನು ಪ್ಯಾನೆಲಿನ ಧನ ಮತ್ತು ಋಣ ತುದಿಗಳ ನಡುವೆ ಅಡ್ಡಲಾಗಿ ಸೇರಿಸಿ. ಧನ ತುದಿಯಿಂದ ಕೆಪಾಸಿಟರಿನ ಮೂಲಕ ಕೇಬಲಿನ ಒಳತಂತಿಗೆ, ಋಣ ತುದಿಯಿಂದ ನೇರವಾಗಿ ಕೇಬಲಿನ ಹೊರಜಾಲಕ್ಕೆ ಸಂಪರ್ಕ ಕೊಡಿ. ಕೆಪಾಸಿಟರಿಗೆ ಧ್ರುವವಿದ್ದರೆ ಅದರ ಧನ ಕಾಲು ಪ್ಯಾನೆಲಿನ ಕಡೆಗಿರಲಿ.

ಈ ಎರಡು ಸಣ್ಣ ಬಿಡಿಭಾಗಗಳು ಏಕೆ ಬೇಕು ಎಂಬುದನ್ನು ಹೇಳಲೇಬೇಕು, ಏಕೆಂದರೆ ಅವುಗಳನ್ನು ಬಿಟ್ಟು ಜೋಡಿಸಿದ ಪ್ರಯೋಗಗಳು ಕೆಲವೊಮ್ಮೆ ನಡೆಯುತ್ತವೆ, ಕೆಲವೊಮ್ಮೆ ನಡೆಯುವುದಿಲ್ಲ, ಮಾಡಿದವರಿಗೆ ಕಾರಣ ಗೊತ್ತಾಗುವುದಿಲ್ಲ. ಸಿಲಿಕಾನಿನ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಒಂದು ದಿಕ್ಕಿಗೆ ತಳ್ಳಲ್ಪಡುತ್ತವೆ, ಅದರಿಂದ ಹರಿಯುವ ಕರೆಂಟು ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ಆದರೆ ವೋಲ್ಟೇಜು ಹಾಗಲ್ಲ: ಪ್ಯಾನೆಲಿನ ತುದಿಗಳನ್ನು ಖಾಲಿ ಬಿಟ್ಟರೆ ಕೋಶವೊಂದಕ್ಕೆ ಸುಮಾರು ಅರ್ಧ ವೋಲ್ಟಿನ ಹತ್ತಿರ ಅದು ನಿಂತುಬಿಡುತ್ತದೆ, ಬೆಳಕು ಸ್ವಲ್ಪ ಹೆಚ್ಚು ಕಡಿಮೆಯಾದರೂ ಅಷ್ಟಾಗಿ ಕದಲುವುದಿಲ್ಲ. ಅಡ್ಡಲಾಗಿ ಹಾಕಿದ ರೆಸಿಸ್ಟರು ಕರೆಂಟಿಗೆ ಹರಿಯಲು ದಾರಿ ಕೊಟ್ಟು, ಬೆಳಕಿನ ಏರಿಳಿತವನ್ನು ವೋಲ್ಟೇಜಿನ ಏರಿಳಿತವಾಗಿ ತೋರಿಸುತ್ತದೆ. ಕೆಪಾಸಿಟರಿನ ಕೆಲಸ ಇನ್ನೊಂದು ಬಗೆಯದು. ಕೋಣೆಯ ಸ್ಥಿರ ಬೆಳಕಿನಿಂದ ಹುಟ್ಟುವ ಸ್ಥಿರ ವೋಲ್ಟೇಜನ್ನು ಅದು ತಡೆದು, ಬದಲಾಗುವ ಭಾಗವನ್ನಷ್ಟೇ ಆಂಪ್ಲಿಫೈಯರಿಗೆ ಬಿಡುತ್ತದೆ.

ಈಗ ಸ್ಪೀಕರನ್ನು ಹಚ್ಚಿ, ಪ್ಯಾನೆಲನ್ನು ಕೈಯಲ್ಲಿ ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಕಿಟಕಿಯ ಹಗಲು ಬೆಳಕಿಗೆ ಹಿಡಿದರೆ ಏನೂ ಕೇಳಿಸುವುದಿಲ್ಲ, ಬೆಳಕು ಎಷ್ಟಿದ್ದರೂ ಅದು ಬದಲಾಗುತ್ತಿಲ್ಲ. ಹಳೆಯ ತಂತಿ ಬಲ್ಬಿಗೆ ಹಿಡಿದರೆ ಗುಂಯ್ ಎಂಬ ತಗ್ಗು ಸ್ವರ ಬರುತ್ತದೆ: ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ದಿಕ್ಕು ಬದಲಿಸಿ ಮರಳುವುದರಿಂದ ಬಲ್ಬಿನ ತಂತಿ ಸೆಕೆಂಡಿಗೆ 100 ಬಾರಿ ತುಸು ಹೆಚ್ಚು ಕಾಯ್ದು ತುಸು ತಣಿಯುತ್ತದೆ, ಕಣ್ಣಿಗೆ ಕಾಣದ ಆ ಮಿಡಿತ ಕಿವಿಗೆ ಕೇಳುತ್ತದೆ. ಎಲ್‌ಇಡಿ ಬಲ್ಬುಗಳಲ್ಲಿ ಒಳಗಿನ ಸರ್ಕ್ಯೂಟ್ ಚೆನ್ನಾಗಿದ್ದರೆ ಹೆಚ್ಚು ಕಡಿಮೆ ಮೌನ, ಇಲ್ಲದಿದ್ದರೆ ದೊಡ್ಡ ಗುಂಯ್‌ಗುಡುವಿಕೆ; ಮಕ್ಕಳು ಓದುವ ಮೇಜಿಗೆ ದೀಪ ಆಯ್ದುಕೊಳ್ಳುವಾಗ ನಾನು ಈ ಪರೀಕ್ಷೆಯನ್ನು ನಿಜವಾಗಿಯೂ ಬಳಸುತ್ತೇನೆ. ಟಿವಿ ರಿಮೋಟನ್ನು ಪ್ಯಾನೆಲಿನ ಹತ್ತಿರ ಹಿಡಿದು ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಟರ್ರ್ ಟರ್ರ್ ಎಂದು ಮಾತನಾಡುತ್ತದೆ. ದೇವರ ಮನೆಯ ಎಣ್ಣೆದೀಪ ಶಾಂತವಾಗಿ ಉರಿಯುವಾಗ ನಿಶ್ಶಬ್ದ; ಮೆಲ್ಲಗೆ ಊದಿದರೆ ಜ್ವಾಲೆ ನಡುಗಿದಂತೆ ಸ್ಪೀಕರಿನಲ್ಲಿ ಮಂದವಾದ ಗುಡುಗುಡು ಏಳುತ್ತದೆ.

ಕೈಯಿಂದಲೇ ಸ್ವರ ಹುಟ್ಟಿಸಬೇಕೆಂದರೆ ಬಾಚಣಿಗೆ ಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಇಡೀ ಪ್ಯಾನೆಲಿನ ಮುಂದೆ ಬಾಚಣಿಗೆ ಆಡಿಸಿದರೆ ಸದ್ದೇ ಬರುವುದಿಲ್ಲ, ಏಕೆಂದರೆ ಒಂದು ಹಲ್ಲು ಒಂದು ಕಡೆ ಮುಚ್ಚಿದಷ್ಟನ್ನು ಮತ್ತೊಂದು ಸಂದು ಇನ್ನೊಂದು ಕಡೆ ತೆರೆಯುತ್ತದೆ, ಒಟ್ಟು ಬೆಳಕು ಬದಲಾಗುವುದೇ ಇಲ್ಲ. ಪ್ಯಾನೆಲನ್ನು ರಟ್ಟಿನಿಂದ ಮುಚ್ಚಿ, ಒಂದೇ ಒಂದು ಮಿಲಿಮೀಟರ್ ಅಗಲದ ಸೀಳನ್ನು ಕತ್ತರಿಸಿ. ಪ್ಯಾನೆಲಿನ ಕೋಶಗಳು ಒಂದರ ಪಕ್ಕ ಒಂದು ಪಟ್ಟಿಗಳಾಗಿರುವುದರಿಂದ ಸೀಳು ಅವೆಲ್ಲವನ್ನೂ ಅಡ್ಡಲಾಗಿ ದಾಟುವಂತಿರಬೇಕು. ಬಾಚಣಿಗೆಯ ಹಲ್ಲುಗಳನ್ನು ಸೀಳಿಗೆ ಸಮಾನಾಂತರವಾಗಿ ರಟ್ಟಿಗೆ ತಾಗಿಸಿ ಹಿಡಿದು, ಮೊಬೈಲಿನ ಟಾರ್ಚ್ ಬೆಳಕಿನಲ್ಲಿ ಎಳೆಯಿರಿ. ಹಲ್ಲುಗಳು ಪ್ಯಾನೆಲಿಗಿಂತ ಗಿಡ್ಡವಾಗಿದ್ದರೆ ಸೀಳಿನ ಉದ್ದಕ್ಕೆ ಹೊಂದುವಷ್ಟು ಚಿಕ್ಕ ಪ್ಯಾನೆಲನ್ನೇ ಈ ಆಟಕ್ಕೆ ಆರಿಸಿಕೊಳ್ಳಿ. ಸೆಕೆಂಡಿನ ಐದನೇ ಒಂದು ಭಾಗದಲ್ಲಿ 40 ಹಲ್ಲುಗಳು ದಾಟಿದರೆ 200 ಹರ್ಟ್ಸಿನ, ಅಂದರೆ ಸೆಕೆಂಡಿಗೆ 200 ಮಿಡಿತಗಳ ಸ್ವರ ಹೊರಡುತ್ತದೆ. ಎಳೆತವನ್ನು ನಿಧಾನಿಸುತ್ತ ಬಂದರೆ ಸ್ವರ ಕೆಳಗಿಳಿಯುತ್ತ ಕೊನೆಗೆ ಒಂದೊಂದು ಹಲ್ಲೂ ಬೇರೆ ಬೇರೆ ಟಿಕ್ ಟಿಕ್ ಆಗಿ ಕೇಳುತ್ತದೆ. ಆವರ್ತನ ಎಂಬ ಪದವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ದಾರಿ ನನಗೆ ಗೊತ್ತಿಲ್ಲ.

ಕಳಿಸುವ ಭಾಗ

ಮೊಬೈಲಿನ ಇಯರ್‌ಫೋನ್ ತೂತಿನಿಂದ ಬರುವ ವೋಲ್ಟೇಜು ಒಂದು ವೋಲ್ಟಿಗೂ ಕಡಿಮೆ. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಹಾಗಾಗಿ ಹಾಡಿನಿಂದ ನೇರವಾಗಿ ಎಲ್‌ಇಡಿಯನ್ನು ಬೆಳಗಿಸಲಾಗದು; ಬ್ಯಾಟರಿಯಿಂದ ಅದನ್ನು ಮೊದಲೇ ಮಧ್ಯಮ ಪ್ರಖರತೆಯಲ್ಲಿ ಹಚ್ಚಿಟ್ಟು, ಹಾಡು ಆ ಬೆಳಕನ್ನು ಮೇಲೆ ಕೆಳಗೆ ತೂಗಾಡಿಸುವಂತೆ ಮಾಡಬೇಕು. ಈ ಕೆಲಸವನ್ನು ಒಂದು ಟ್ರಾನ್ಸಿಸ್ಟರ್ ಮಾಡುತ್ತದೆ.

ಒಂದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ), 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ಪ್ರಖರವಾದ 5 ಮಿ.ಮೀ. ಬಿಳಿ ಎಲ್‌ಇಡಿ, 47 ಓಮ್, 2.2 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳು ಒಂದೊಂದು, 1 ಕಿಲೋಓಮ್ ಎರಡು, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ತೆಗೆದುಕೊಳ್ಳಿ. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ, ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಕ್ರಮ. ಎಲ್‌ಇಡಿಯ ಉದ್ದ ಕಾಲನ್ನು ಬ್ಯಾಟರಿಯ ಧನಕ್ಕೂ ಗಿಡ್ಡ ಕಾಲನ್ನು ಕಲೆಕ್ಟರಿಗೂ ಸೇರಿಸಿ. ಎಮಿಟರಿನಿಂದ ಬ್ಯಾಟರಿಯ ಋಣಕ್ಕೆ 47 ಓಮ್ ಹಾಕಿ. ಬೇಸಿನಿಂದ ಧನಕ್ಕೆ 10 ಕಿಲೋಓಮ್, ಬೇಸಿನಿಂದ ಋಣಕ್ಕೆ 2.2 ಕಿಲೋಓಮ್. ಬ್ಯಾಟರಿ ಸೇರಿಸಿದ ಕೂಡಲೇ ಎಲ್‌ಇಡಿ ಬೆಳಗಬೇಕು.

ಮುಂದಕ್ಕೆ ಹೋಗುವ ಮೊದಲು ಮಲ್ಟಿಮೀಟರಿನಿಂದ ಎಮಿಟರಿನ ವೋಲ್ಟೇಜನ್ನು ಅಳೆಯಿರಿ. ಅದು 0.7ರಿಂದ 0.9 ವೋಲ್ಟಿನ ಆಸುಪಾಸಿನಲ್ಲಿದ್ದರೆ ಎಲ್ಲವೂ ಸರಿಯಿದೆ. ಆ ಅಂಕಿಯನ್ನು 47ರಿಂದ ಭಾಗಿಸಿದರೆ ಎಲ್‌ಇಡಿಯಲ್ಲಿ ಸುಮಾರು 16 ಮಿಲಿಆಂಪಿಯರ್ ಹರಿಯುತ್ತಿದೆ ಎಂದು ತಿಳಿಯುತ್ತದೆ. ನಾನು ಮೊದಲ ಬಾರಿ ಇದನ್ನು ಜೋಡಿಸಿದಾಗ ಟ್ರಾನ್ಸಿಸ್ಟರನ್ನು ತಿರುಗಿಸಿ ಚುಚ್ಚಿದ್ದೆ. ಅಳೆಯದೆ ಮುಂದುವರಿದದ್ದರಿಂದ ಅರ್ಧ ಗಂಟೆ ಕೇಬಲನ್ನು ಅನುಮಾನಿಸುತ್ತ ಕುಳಿತೆ. ಅಳತೆಗೆ ಅರ್ಧ ನಿಮಿಷ ಸಾಕು.

ಈಗ ಹಾಡನ್ನು ಸೇರಿಸಬೇಕು. ಆಡಿಯೋ ಪ್ಲಗ್ಗಿನ ಎಡ ಮತ್ತು ಬಲ ತಂತಿಗಳನ್ನು ತಲಾ 1 ಕಿಲೋಓಮ್ ಮೂಲಕ ಒಂದೆಡೆ ಕೂಡಿಸಿ, ಆ ಕೂಡುಬಿಂದುವಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಬೇಸಿಗೆ ಕೊಡಿ. ಕೆಪಾಸಿಟರಿನ ಧನ ಕಾಲು ಬೇಸಿನ ಕಡೆಗಿರಬೇಕು. ಪ್ಲಗ್ಗಿನ ನೆಲ ತಂತಿ ಬ್ಯಾಟರಿಯ ಋಣಕ್ಕೆ. ಇಯರ್‌ಫೋನ್ ತೂತು ಇಲ್ಲದ ಮೊಬೈಲಾದರೆ ಪರಿವರ್ತಕ ಕೇಬಲ್ ಬೇಕಾಗುತ್ತದೆ, ಅಥವಾ ಮನೆಯ ಸಣ್ಣ ರೇಡಿಯೋ ಒಂದನ್ನು ಬಳಸಬಹುದು. ಕಳಿಸುವ ಭಾಗಕ್ಕೂ ಕೇಳುವ ಭಾಗಕ್ಕೂ ಒಂದೇ ಬ್ಯಾಟರಿಯನ್ನಾಗಲಿ ಒಂದೇ ಚಾರ್ಜರನ್ನಾಗಲಿ ಎಂದಿಗೂ ಬಳಸಬೇಡಿ: ಹಾಡು ತಂತಿಯ ಮೂಲಕವೇ ನುಸುಳಿ ಬಂದರೆ ಬೆಳಕು ಅದನ್ನು ತಂದಿತು ಎಂದು ಹೇಳುವಂತಿಲ್ಲ.

ಕೋಣೆಯ ದೀಪಗಳನ್ನು ಆರಿಸಿ, ಎಲ್‌ಇಡಿಯನ್ನು ಪ್ಯಾನೆಲಿನಿಂದ ಒಂದು ಗೇಣು ದೂರದಲ್ಲಿಟ್ಟು, ಹಾಡು ಹಚ್ಚಿ, ಮೊಬೈಲಿನ ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಸ್ಪೀಕರಿನಲ್ಲಿ ಹಾಡು ಸ್ಪಷ್ಟವಾಗಿ ಕೇಳಬೇಕು. ಎಲ್‌ಇಡಿಯನ್ನು ನೋಡಿದರೆ ಅದು ಸುಮ್ಮನೆ ಉರಿಯುತ್ತಿರುವಂತೆ ಕಾಣುತ್ತದೆ, ಏಕೆಂದರೆ ಸೆಕೆಂಡಿಗೆ ನೂರಾರು ಬಾರಿ ಆಗುವ ಬದಲಾವಣೆಯನ್ನು ಕಣ್ಣು ಹಿಡಿಯಲಾರದು. ಇನ್ನು ಎಲ್‌ಇಡಿ ಮತ್ತು ಪ್ಯಾನೆಲಿನ ನಡುವೆ ಅಂಗೈ ಅಡ್ಡ ಇಡಿ: ಹಾಡು ಕತ್ತರಿಸಿದಂತೆ ನಿಲ್ಲುತ್ತದೆ. ಬೆರಳುಗಳನ್ನು ಸ್ವಲ್ಪ ಬಿಡಿಸಿದರೆ ಸಂದುಗಳಿಂದ ಹಾಡು ಸೋರಿ ಬರುತ್ತದೆ. ಒಂದು ಲೋಟ ನೀರನ್ನು ಅಡ್ಡವಿಟ್ಟರೆ ಹಾಡು ದಾಟುತ್ತದೆ. ಅದೇ ನೀರಿಗೆ ಒಂದೊಂದೇ ಹನಿ ಹಾಲು ಬಿಡುತ್ತ ಹೋದರೆ, ಪ್ರತಿ ಹನಿಗೂ ಹಾಡು ಒಂದೊಂದು ಹೆಜ್ಜೆ ಹಿಂದೆ ಸರಿದಂತೆ ಕುಗ್ಗುತ್ತದೆ. ಹಾಲಿನ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದು ಕಿವಿಗೆ ತಿಳಿಯುವ ಆ ಕ್ಷಣ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ದೂರ, ಮಸೂರ ಮತ್ತು ತೊಡಕುಗಳು

ಎಲ್‌ಇಡಿಯ ಬೆಳಕು ಹರಡುತ್ತ ಹೋಗುವುದರಿಂದ ದೂರ ಎರಡರಷ್ಟಾದರೆ ಪ್ಯಾನೆಲಿಗೆ ಸಿಗುವ ಬೆಳಕು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಗೆಲ್ಲಲು ಓದುವ ಭೂತಗನ್ನಡಿ ಸಾಕು. ಮೊದಲು ಅದರ ಸಂಗಮ ದೂರವನ್ನು ಕಂಡುಕೊಳ್ಳಿ: ಕಿಟಕಿಯ ಹೊರಗಿನ ಮರದ ಬಿಂಬ ಎದುರು ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುವವರೆಗೆ ಮಸೂರವನ್ನು ಹಿಂದೆ ಮುಂದೆ ಸರಿಸಿ, ಗೋಡೆಗೂ ಮಸೂರಕ್ಕೂ ಇರುವ ಅಂತರವನ್ನು ಅಳೆಯಿರಿ. ಎಲ್‌ಇಡಿಯನ್ನು ಮಸೂರದಿಂದ ಅಷ್ಟೇ ದೂರದಲ್ಲಿಟ್ಟರೆ ಬೆಳಕು ಹೆಚ್ಚು ಹರಡದೆ ಕಂತೆಯಾಗಿ ಹೊರಡುತ್ತದೆ, ಆಗ ಹಾಡನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ಕಳಿಸಬಹುದು. ಆದರೆ ಬೆಳಕನ್ನು ಪ್ಯಾನೆಲಿನ ಒಂದೇ ಮೂಲೆಗೆ ಚುಕ್ಕಿಯಾಗಿ ಕೂಡಿಸಬೇಡಿ. ಕೋಶಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಕತ್ತಲಲ್ಲಿರುವ ಒಂದು ಕೋಶ ಉಳಿದವುಗಳ ಕರೆಂಟನ್ನೂ ತಡೆಯುತ್ತದೆ. ಬೆಳಕು ಇಡೀ ಪ್ಯಾನೆಲನ್ನು ಸಮನಾಗಿ ತುಂಬಬೇಕು.

ಹಾಡು ಒಡೆದಂತೆ ಕೇಳಿದರೆ ಮೊಬೈಲಿನ ವಾಲ್ಯೂಮ್ ಹೆಚ್ಚಾಗಿದೆ ಎಂದರ್ಥ: ತೂಗಾಟ ಅತಿಯಾಗಿ ಎಲ್‌ಇಡಿ ನಡುನಡುವೆ ಪೂರ್ತಿ ಆರಿಹೋಗುತ್ತಿದೆ. ಗುಂಯ್ ಎನ್ನುವ ಸದ್ದು ಹಾಡನ್ನು ಮುಚ್ಚಿದರೆ ಕೋಣೆಯ ಬಲ್ಬನ್ನು ಆರಿಸಿ, ಆದರೂ ನಿಲ್ಲದಿದ್ದರೆ ಪ್ಯಾನೆಲಿನ ಕೇಬಲನ್ನು ಮೊಟಕು ಮಾಡಿ. ಸ್ವರದ ತೀಕ್ಷ್ಣತೆ ಕಡಿಮೆಯಾಗಿ ಹಾಡು ಕಂಬಳಿ ಹೊದ್ದಂತೆ ಕೇಳಿದರೆ ಅದು ಪ್ಯಾನೆಲಿನ ಗುಣ. ದೊಡ್ಡ ಪ್ಯಾನೆಲ್ ತಾನೇ ಒಂದು ಕೆಪಾಸಿಟರಿನಂತೆ ವರ್ತಿಸಿ ಎತ್ತರದ ಸ್ವರಗಳನ್ನು ನುಂಗುತ್ತದೆ, 1 ಕಿಲೋಓಮ್ ಬದಲು 470 ಓಮ್ ಹಾಕಿದರೆ ದನಿ ಸ್ವಲ್ಪ ಕುಗ್ಗಿ ಸ್ಪಷ್ಟತೆ ಹೆಚ್ಚುತ್ತದೆ. ನೇರ ಬಿಸಿಲಿನಲ್ಲಿ ಪ್ರಯೋಗ ಬೇಡ, ರೆಸಿಸ್ಟರಿದ್ದರೂ ಪ್ಯಾನೆಲ್ ತನ್ನ ಗರಿಷ್ಠ ವೋಲ್ಟೇಜಿಗೆ ಹೋಗಿ ನಿಂತು ಕಿವುಡಾಗುತ್ತದೆ. ಎಲ್‌ಇಡಿಯ ಬದಲು ಲೇಸರ್ ಬಳಸುವ ಆಸೆ ಹಲವರಿಗೆ ಬರುತ್ತದೆ. ಕಣ್ಣಿಗೆ ಅಪಾಯವಿರುವುದರಿಂದ ಮಕ್ಕಳಿರುವ ಮನೆಯಲ್ಲಿ ಅದನ್ನು ಮಾಡಲೇಬಾರದು ಎಂದು ನಾನು ಹೇಳುತ್ತೇನೆ.

ಶಕ್ತಿಯ ಲೆಕ್ಕ

ಬ್ಯಾಟರಿ 9 ವೋಲ್ಟಿನಲ್ಲಿ ಸುಮಾರು 17 ಮಿಲಿಆಂಪಿಯರ್ ಕೊಡುತ್ತಿದೆ, ಅಂದರೆ ಸುಮಾರು 150 ಮಿಲಿವ್ಯಾಟ್. ಅದರಲ್ಲಿ ಎಲ್‌ಇಡಿಗೆ ತಲುಪುವುದು 50 ಮಿಲಿವ್ಯಾಟಿನಷ್ಟು, ಉಳಿದದ್ದು ಟ್ರಾನ್ಸಿಸ್ಟರ್ ಮತ್ತು ರೆಸಿಸ್ಟರುಗಳಲ್ಲಿ ಬಿಸಿಯಾಗುತ್ತದೆ. ಬೆರಳಿಟ್ಟರೆ ಟ್ರಾನ್ಸಿಸ್ಟರಿನ ಬೆಚ್ಚಗಿನ ಮೈ ಸ್ವಲ್ಪ ತಿಳಿದೀತು. ಎಲ್‌ಇಡಿಯೂ ತನಗೆ ಸಿಕ್ಕಿದ್ದರಲ್ಲಿ ಒಂದು ಭಾಗವನ್ನಷ್ಟೇ ಬೆಳಕಾಗಿಸುತ್ತದೆ, ಆ ಬೆಳಕಿನಲ್ಲೂ ಪ್ಯಾನೆಲಿಗೆ ಬೀಳುವುದು ಕೆಲವೇ ಪಾಲು, ಬಿದ್ದದ್ದರಲ್ಲಿ ವಿದ್ಯುತ್ತಾಗುವುದು ಹೆಚ್ಚೆಂದರೆ ಐದನೇ ಒಂದು ಭಾಗ. ಕೊನೆಯಲ್ಲಿ ಸಾಧಾರಣ ಸ್ಪೀಕರು ತನಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದರಷ್ಟನ್ನು ಮಾತ್ರ ಶಬ್ದವಾಗಿಸುತ್ತದೆ. ಹಾಗಿದ್ದೂ ಹಾಡು ಕೋಣೆ ತುಂಬುವುದಾದರೆ, ಆ ಶಕ್ತಿಯನ್ನು ಕೊಟ್ಟದ್ದು ಬೆಳಕಲ್ಲ, ಆಂಪ್ಲಿಫೈಯರಿನ ಸ್ವಂತ ವಿದ್ಯುತ್ ಮೂಲ. ಎಷ್ಟು ಹರಿಯಬೇಕು, ಯಾವಾಗ ಹರಿಯಬೇಕು ಎಂಬುದನ್ನಷ್ಟೇ ಬೆಳಕಿನಿಂದ ಬಂದ ಸಣ್ಣ ಏರಿಳಿತ ನಿರ್ಧರಿಸುತ್ತದೆ, ತೂಬಿನ ಬಾಗಿಲನ್ನು ತೆರೆದು ಮುಚ್ಚುವ ಕೈ ಕೆರೆಯ ನೀರನ್ನು ನಡೆಸುವಂತೆ.

ಈ ರೂಪಾಂತರಗಳಲ್ಲಿ ಬಹುಪಾಲು ತಿರುಗುಮುರುಗಾಗಿಯೂ ನಡೆಯುತ್ತವೆ. ಸಣ್ಣ ಸ್ಪೀಕರೊಂದನ್ನು ಆಂಪ್ಲಿಫೈಯರಿನ ಒಳದಾರಿಗೆ ಜೋಡಿಸಿ ಅದರೆದುರು ಮಾತನಾಡಿದರೆ ಅದು ಮೈಕ್ ಆಗುತ್ತದೆ. ಪ್ಯಾನೆಲಿನ ಜಾಗದಲ್ಲಿ ಇನ್ನೊಂದು ಎಲ್‌ಇಡಿಯನ್ನಿಟ್ಟರೆ ಅದೂ ಕ್ಷೀಣವಾಗಿ ಬೆಳಕನ್ನು ವಿದ್ಯುತ್ತಾಗಿಸುತ್ತದೆ. ಆಗ ಎರಡೂ ಕಡೆ ಒಂದೇ ಕೆಂಪು ಬಣ್ಣದವನ್ನು ಬಳಸಿ. ಶಬ್ದ ಬೆಳಕಿನ ದಾರಿಯನ್ನೇ ತಿರುಗಿಸುವುದೂ ಉಂಟು: ದ್ರವದಲ್ಲಿ ಹರಿಯುವ ಅತಿಧ್ವನಿಯ (ಕಿವಿಗೆ ಕೇಳದಷ್ಟು ಎತ್ತರದ ಸ್ವರದ) ಅಲೆಗಳು ಬೆಳಕನ್ನು ಹಲವು ಕಿರಣಗಳಾಗಿ ಬಿಡಿಸುವುದಕ್ಕೆ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1935ರಲ್ಲಿ ಸಿದ್ಧಾಂತ ಕೊಟ್ಟರು, ಅದು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಬಳಕೆಯಲ್ಲಿದೆ.

ವಿದ್ಯುತ್ತನ್ನು ನಡುವೆ ತಾರದೆ

ಬೆಲ್ ಅವರು ಫೋಟೋಫೋನಿನ ಕೆಲಸದ ನಡುವೆ ಇನ್ನೊಂದು ಸಂಗತಿಯನ್ನು ಕಂಡರು: ಮಿಡಿಯುವ ಬೆಳಕು ಬಿದ್ದ ವಸ್ತು ತಾನೇ ಸದ್ದು ಮಾಡುತ್ತದೆ. ಇದನ್ನು ಬಿಸಿಲಿರುವ ದಿನ ಮಾಡಿ ನೋಡಬಹುದು. ಒಂದು ಸಣ್ಣ ಗಾಜಿನ ಸೀಸೆಯ ಒಳಗೋಡೆಯ ಒಂದು ಬದಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಮುಚ್ಚಳದಲ್ಲಿ ತೂತು ಮಾಡಿ ನಾಲ್ಕೈದು ಅಡಿ ಉದ್ದದ ರಬ್ಬರ್ ಕೊಳವೆಯನ್ನು ಬಿಗಿಯಾಗಿ ಕೂರಿಸಿ. ರಟ್ಟಿನ ವೃತ್ತವೊಂದರ ಅಂಚಿನಲ್ಲಿ ಸಮ ಅಂತರದ ಎಂಟು ಕಿಂಡಿಗಳನ್ನು ಕತ್ತರಿಸಿ ಆಟಿಕೆಯ ಮೋಟರಿಗೆ ಸಿಕ್ಕಿಸಿ. ಮೋಟರು ಸೆಕೆಂಡಿಗೆ 50 ಸುತ್ತು ತಿರುಗಿದರೆ ಬಿಸಿಲು 400 ಬಾರಿ ಕತ್ತರಿಸಲ್ಪಡುತ್ತದೆ. ಭೂತಗನ್ನಡಿಯಿಂದ ಕೂಡಿಸಿದ ಬಿಸಿಲನ್ನು ಕಿಂಡಿಗಳ ಮೂಲಕ ಮಸಿಯ ಮೇಲೆ ಬೀಳಿಸಿ, ಆದರೆ ರಟ್ಟು ಹೊತ್ತಿಕೊಳ್ಳದಂತೆ ಸ್ವಲ್ಪ ಹರಡಿಯೇ ಇರಲಿ, ಸೂರ್ಯನ ಕಡೆಗೆ ಕಣ್ಣು ಹಾಯಿಸಬೇಡಿ. ಮಸಿ ಪ್ರತಿ ಮಿಡಿತಕ್ಕೂ ಕಾಯ್ದು ತಣಿದು, ಅದಕ್ಕಂಟಿದ ಗಾಳಿ ಹಿಗ್ಗಿ ಕುಗ್ಗಿ, ಕೊಳವೆಯ ಇನ್ನೊಂದು ತುದಿಯನ್ನು ಕಿವಿಗಿಟ್ಟವರಿಗೆ ತೆಳುವಾದ ಸ್ವರವೊಂದು ಕೇಳುತ್ತದೆ. ಅದು ಮೋಟರಿನ ಸದ್ದೇ ಇರಬಹುದು ಎಂಬ ಅನುಮಾನ ಸಹಜ. ಮೋಟರು ತಿರುಗುತ್ತಿರುವಂತೆಯೇ ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಕೊಳವೆಯೊಳಗಿನ ಸ್ವರ ನಿಂತಿತೇ ಎಂದು ಕೇಳಿ ನೋಡಿ.